ಸ್ಟವ್ ಅಕ್ಕನ ಮೂಗು

ನನ್ನ ನಾದಿನಿಯನ್ನು ಊರಿನವರೆಲ್ಲ ಸ್ಟವ್ ಅಕ್ಕ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ಮೊದಲು ಅದು ನಮ್ಮ ಮಾವನವರ ಸೈಕಲ್ ರಿಪೇರಿ ಅಂಗಡಿಯಾಗಿತ್ತು. ಅವರು ತೀರಿಕೊಂಡ ಮೇಲೆ ಮುಚ್ಚಿಬಿಡೋಣ ಎಂದರು ನನ್ನ ಗಂಡ. ಇವಳು ಬೀಗದ ಕೈ ಕೊಡಲಿಲ್ಲ.

"ಪಂಕ್ಚರ್ ಹಾಕೋ ಕೈಗೆ ಬರ್ನರ್ ಬಿಚ್ಚೋದು ಏನು ಮಹಾ ಅಣ್ಣಾ" ಎಂದಳು.

ಒಂದು ಕಡೆ ಟ್ಯೂಬು, ಇನ್ನೊಂದು ಕಡೆ ಸ್ಟವ್ವು ಇಟ್ಟುಕೊಂಡು ಕೂತಳು. ಬರುಬರುತ್ತ ಟ್ಯೂಬು ಹೋಗಿ ಸ್ಟವ್ವೇ ಉಳಿಯಿತು. ಮದುವೆ ಮಾತೆತ್ತಿದರೆ, "ಮೈಯೆಲ್ಲ ಸೀಮೆಎಣ್ಣೆ ನಾತ ಹೊಡೆಯೋಳನ್ನ ಯಾರು ಕಟ್ಕೋತಾರೆ ಅತ್ತಿಗೆ" ಎಂದು ನಕ್ಕುಬಿಡುತ್ತಿದ್ದಳು. ನನ್ನ ಗಂಡ ಹೋದ ಮೇಲೆ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾವಿಬ್ಬರೇ ಇದ್ದೇವೆ.

ಅವಳ ಅಂಗಡಿ ಕುದುರಿ ಕೆಲವು ವರ್ಷವಾದ ಮೇಲೆ ನೀರಿನ ಟ್ಯಾಂಕಿನ ಓಣಿಯಲ್ಲಿ ಗ್ಯಾಸ್ ಸೋರಿ ಒಂದು ಮನೆ ಸಿಡಿದುಹೋಯಿತು. ಆ ಮನೆಯ ಹೆಂಗಸು ಹಿಂದಿನ ದಿನ ಅಂಗಡಿಗೆ ಬಂದು, "ಪುರಸೊತ್ತಾದಾಗ ಒಂದ್ಸಲ ಬಂದು ನೋಡಕ್ಕಾ" ಎಂದು ಹೇಳಿಹೋಗಿದ್ದಳು. ಅಂದಿನಿಂದ ಇವಳು ಪುರಸೊತ್ತು ಎಂಬ ಮಾತನ್ನೇ ಬಿಟ್ಟಳು. ಅಂಗಡಿಗೆ ರಜೆಯಿರುವ ದಿನ ಓಣಿ ಓಣಿ ತಿರುಗಿ ಎಲ್ಲರ ಮನೆ ಸ್ಟವ್ ನೋಡುವಳು. ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಬೇರೆ ರಿಪೇರಿಯವರು ಪೈಪಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೋ ಎಂದು ನೋಡುತ್ತಾರೆ. ಇವಳಿಗೆ ಮೂಗೇ ಸಾಕಿತ್ತು. ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಪೈಪಿನ ಬುಡದಲ್ಲಿ ಉಸಿರೆಳೆದು, "ಹಚ್ಕೊಳ್ಳಿ" ಎನ್ನುವಳು.

ಅವಳು ಹಚ್ಕೊಳ್ಳಿ ಎಂದ ಮೇಲೆ ಜನಕ್ಕೆ ಭಯವೇ ಇಲ್ಲ. ಅಡುಗೆ ಮುಗಿದ ಮೇಲೆ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವುದನ್ನೂ ಬಿಟ್ಟರು. ಅದು ನನಗೆ ಸರಿ ಕಾಣುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಎದ್ದು ಓಡಾಡತೊಡಗಿದ ಮೇಲೂ ಊಟ ಸೇರುತ್ತಿರಲಿಲ್ಲ. ಎಲ್ಲದಕ್ಕೂ ಮೇಲೆ ಉಪ್ಪು ಹಾಕಿಕೊಳ್ಳುವಳು. ಬಾಯಿ ಕೆಟ್ಟಿರಬೇಕು ಎಂದುಕೊಂಡೆ. ಒಂದು ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಹಾಲು ತಳ ಹಿಡಿದ ವಾಸನೆ ಅಲ್ಲಿಯವರೆಗೂ ಬಂತು. ಒಳಗೆ ಬಂದು ನೋಡಿದರೆ ಅವಳು ಒಲೆಗೆ ಬೆನ್ನು ಹಾಕಿ, ಮೊಳದಷ್ಟು ದೂರದಲ್ಲಿ ಕೂತು, ಬರ್ನರ್ ಉಜ್ಜುತ್ತಿದ್ದಾಳೆ.

ನಾನು ಒಲೆ ಆರಿಸಿದೆ. ಬರ್ನರ್ ಒರೆಸುವ ಸೀಮೆಎಣ್ಣೆ ಬಟ್ಟೆಯನ್ನು ತಂದು ಅವಳ ಭುಜದ ಹಿಂದೆ ಹಿಡಿದೆ.

"ಹಿಂದೆ ನಿಂತ್ಕೊಂಡು ಏನ್ ಮಾಡ್ತಿದ್ದೀರಿ ಅತ್ತಿಗೆ?"

"ವಾಸನೆ ಬರ್ತಿದೆಯಾ?"

"ಯಾವುದರದ್ದು?"

ನನ್ನ ಕೈಯಲ್ಲಿದ್ದುದನ್ನು ತಿರುಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಯಾವತ್ತಿಂದ?" ಎಂದೆ.

"ಜ್ವರದಿಂದ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂದ್ಕೊಂಡೆ."

"ಆಮೇಲೂ ಓಣಿ ಸುತ್ತೋಕೆ ಹೋಗಿದ್ದೆಯಲ್ಲ. ಅಲ್ಲಿ ಏನ್ ಮಾಡಿದೆ?"

"ಮೂಗಿಟ್ಟೆ. ಹಚ್ಕೊಳ್ಳಿ ಅಂದೆ." ಬರ್ನರನ್ನು ಕೆಳಗಿಟ್ಟಳು. "ಎಲ್ರೂ ನನ್ನ ಮುಖಾನೇ ನೋಡ್ತಿರ್ತಾರೆ ಅತ್ತಿಗೆ. ಏನೂ ಹೇಳ್ದೆ ಎದ್ದು ಬರೋಕಾಗುತ್ತಾ?"

ಒಂದು ಮಗ್ಗಿನಲ್ಲಿ ಸೋಪಿನ ನೀರು ಕಲಸಿಕೊಂಡು ಹೊರಟೆವು. ಜ್ವರದ ನಂತರ ನೋಡಿದ್ದ ಓಣಿಗಳನ್ನೆಲ್ಲ ಮತ್ತೆ ನೋಡಬೇಕು. ಕಾರಣ ಹೇಳಿಬಿಡು ಎಂದೆ. ಕೇಳಲಿಲ್ಲ. ಇದು ಹೊಸ ಪದ್ಧತಿ ಎಂದು ಮನೆಮನೆಯಲ್ಲೂ ಹೇಳುತ್ತ ಹೋದಳು.

"ಏನೇ, ಸ್ಟವ್‌ಗೆ ಸ್ನಾನ ಮಾಡಿಸ್ತಿದ್ದೀಯಾ?" ಎಂದು ಒಬ್ಬ ಅಜ್ಜಿ ಕೇಳಿದಳು.

"ಹೂಂ ಅಜ್ಜಿ, ಮುಂದಿನ ಸರದಿ ನಿಮ್ದೇ."

ಅವಳು ನಗುತ್ತಿದ್ದಳು. ಆದರೆ ಒಂದೊಂದು ಪೈಪಿಗೂ ಎರಡೆರಡು ಸಲ ಸೋಪಿನ ನೀರು ಸವರುತ್ತಿದ್ದಳು. ಎಲ್ಲ ಕಡೆ ಮಾತು, ಕಾಫಿ. ಹೊತ್ತು ಇಳಿದರೂ ಒಂದು ಓಣಿ ಮುಗಿದಿರಲಿಲ್ಲ.

ಆ ಓಣಿಯಲ್ಲಿ ಕೊನೆಯದು ದರ್ಜಿಯ ಮನೆ. ಜ್ವರ ಬಿಟ್ಟ ಮೇಲೆ ಅಲ್ಲಿ ಹಳೆಯ ಪೈಪು ತೆಗೆದು ಹೊಸದು ಹಾಕಿದವಳು ಇವಳೇ. ಬಾಗಿಲಿಗೆ ಬೀಗ ಬಿದ್ದಿತ್ತು. ನೆಂಟರ ಮನೆಗೆ ಹೋಗಿದ್ದಾರೆ, ಇವತ್ತು ಸಂಜೆ ಬರುತ್ತಾರೆ ಎಂದಳು ಪಕ್ಕದ ಮನೆಯವಳು. ನಾನು ಬಾಗಿಲ ಸಂದಿಗೆ ಮೂಗಿಟ್ಟೆ.

"ಬರ್ತಿದೆಯಾ?" ಎಂದಳು ನಾದಿನಿ.

"ಬರ್ತಿದೆ."

ಒಳಗೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದು ನಿಂತು ಮತ್ತೆ ಶುರುವಾಗುವಾಗ ಕಿಡಿ ಹಾರಬಹುದು ಎಂದು ಅವಳಿಗೆ ಗೊತ್ತು. ಹೊರಗೋಡೆಯ ಮೀಟರ್ ಡಬ್ಬಿಯಿಂದ ಫ್ಯೂಜ್ ಕಿತ್ತಳು. ಗುಂಯ್ ನಿಂತಿತು. ಅಕ್ಕಪಕ್ಕದವರನ್ನು ಬೀದಿಯ ಕೊನೆಗೆ ಕಳಿಸಿದಳು. ಬೀಗ ಒಡೆಯಲು ಒಬ್ಬ ಸುತ್ತಿಗೆ ತಂದ. "ಕಬ್ಬಿಣಕ್ಕೆ ಕಬ್ಬಿಣ ಹೊಡೀಬೇಡ" ಎಂದು ಅವನನ್ನೂ ಅಟ್ಟಿದಳು. ದರ್ಜಿಗೆ ಫೋನ್ ಹೋಗಲಿಲ್ಲ. ಅಗ್ನಿಶಾಮಕದವರು ದೂರದ ಊರಿನಿಂದ ಬರಬೇಕಿತ್ತು.

ಬೆಳಕು ಕಂದುವ ಹೊತ್ತಿಗೆ ಬೀದಿಯ ಇನ್ನೊಂದು ತುದಿಯಿಂದ ಆಟೋ ಬಂತು. ದರ್ಜಿ, ಅವನ ಹೆಂಡತಿ, ತೊಡೆಯ ಮೇಲೆ ಮಲಗಿದ ಮಗಳು. ಅವನು ಮನೆಯ ಕಡೆ ನೋಡಿ, "ಥೂ, ಕರೆಂಟಿಲ್ಲ" ಎನ್ನುತ್ತ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ.

ಇವಳು ಬಾಗಿಲಿಗೆ ಅಡ್ಡ ನಿಂತಳು.

"ಅದನ್ನ ಕೊಡಿ ಇಲ್ಲಿ. ಬೀಗದ ಕೈನೂ ಕೊಡಿ. ಒಳಗೆ ಗ್ಯಾಸ್ ತುಂಬಿದೆ."

ಅವನು ನಕ್ಕ. "ತಮಾಷೆ ಸಾಕು ಅಕ್ಕ. ನೀವೇ ಮೂಗಿಟ್ಟು ನೋಡಿದ್ರಲ್ಲ."

ಬೀದಿಯ ಕೊನೆಯಲ್ಲಿ ಓಣಿಯವರೆಲ್ಲ ನಿಂತಿದ್ದರು. ಅವಳು ನನ್ನ ಕಡೆ ನೋಡಿದಳು. ಆಮೇಲೆ ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನನಗೆ ವಾಸನೆ ಬರಲ್ಲ. ಜ್ವರ ಬಂದಾಗ್ಲೇ ಹೋಯ್ತು. ನಿಮ್ಮನೇಲಿ ಹಚ್ಕೊಳ್ಳಿ ಅಂದಾಗ್ಲೂ ಇರ್ಲಿಲ್ಲ."

ದರ್ಜಿಯ ಹೆಂಡತಿ ಮಗಳನ್ನು ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದಳು. ಅವನು ಬೆಂಕಿಪೊಟ್ಟಣ, ಬೀಗದ ಕೈ ಎರಡನ್ನೂ ಕೊಟ್ಟ.

ಅವಳು ಮೆಲ್ಲಗೆ ಬೀಗ ತೆಗೆದು, ಸೆರಗನ್ನು ಬಾಯಿಗೆ ಒತ್ತಿ ಒಳಗೆ ಹೋದಳು. ರೆಗ್ಯುಲೇಟರ್ ಮುಚ್ಚಿದ ಟಿಕ್ ಶಬ್ದ, ಒಂದೊಂದೇ ಕಿಟಕಿ ತೆರೆದ ಶಬ್ದ ಕೇಳಿತು. ಹೊರಗೆ ಬಂದು ನನ್ನ ಪಕ್ಕ ನಿಂತಳು.

"ಇನ್ನೂ ಇದೆಯಾ ಅತ್ತಿಗೆ?"

"ಇದೆ."

ಮತ್ತೆ ಕೇಳಿದಳು. ಇದೆ ಎಂದೆ.

"ಬೇರೆ ಎಲ್ಲೆಲ್ಲಿ ನೋಡಿದ್ರಿ?" ಎಂದ ದರ್ಜಿ.

"ಕೆರೆ ಓಣಿ. ಶಾಲೆ ಹಿಂದಿನ ಸಾಲು. ಓಡಿಹೋಗಿ ಹೇಳಿ. ಸ್ಟವ್ ಅಕ್ಕನ ಮೂಗು ಹೋಗಿದೆ, ಯಾರೂ ಒಲೆ ಹಚ್ಬೇಡಿ ಅಂತ ಹೇಳಿ. ಹಾಗೇ ಹೇಳಿ."

ದರ್ಜಿಯೂ ಓಣಿಯವರೂ ಓಡಿದರು. ಅದು ಅಡುಗೆಯ ಹೊತ್ತು. ಶಾಲೆಯ ಆಚೆ ಒಂದೊಂದೇ ಅಡುಗೆಮನೆಯ ದೀಪ ಹೊತ್ತಿಕೊಳ್ಳುವುದು ನಾವು ನಿಂತಲ್ಲಿಂದಲೇ ಕಾಣುತ್ತಿತ್ತು.