ಮಗಳನ್ನು ಒಣಗಿಸಿಕೊಂಡು ಮಂಡ್ಯಕ್ಕೆ ಹೋದದ್ದು

ಆಗ ನನಗೆ ಮೂವತ್ತೆಂಟು ವರ್ಷ. ಅದಾಗಿ ನಲವತ್ತು ವರ್ಷದ ಮೇಲಾಯಿತು. ಚಿಕ್ಕರಸಿನಕೆರೆಯಿಂದ ಮಂಡ್ಯದ ಆಸ್ಪತ್ರೆಗೆ ಮಗಳು ಜಯಮ್ಮನನ್ನು ಕರೆದುಕೊಂಡು ಹೋದೆ. ಅವಳಿಗೆ ಹನ್ನೊಂದು. ಹುಟ್ಟುವಾಗಲೇ ಬೆನ್ನಿನ ಕೆಳಗೆ ನಿಂಬೆಹಣ್ಣಿನಷ್ಟು ಗಂಟಿತ್ತು. ಮೂಳೆ ಅಲ್ಲಿ ಕೂಡಿರಲಿಲ್ಲ. ಎಡಗಾಲು ಎಳೆದು ನಡೆಯುತ್ತಿದ್ದಳು. ಉಚ್ಚೆ ಹಗಲೂ ಇರುಳೂ ತೊಟ್ಟಿಕ್ಕುತ್ತಿತ್ತು. ಆಗಾಗ ಚಳಿಜ್ವರ ಬಂದು ಹೋಗುತ್ತಿತ್ತು. ಈ ಸಲ ಎಂಟು ದಿನವಾದರೂ ಇಳಿಯಲಿಲ್ಲ, ಮುಖ ಊದಿಕೊಂಡಿತು. ಅದಕ್ಕೇ ಹೊರಟಿದ್ದು.

ಹೊರಡುವ ಮುಂಚೆ ಯಾವಾಗಲೂ ಮಾಡುವುದನ್ನೇ ಮಾಡಿದೆ. ಹಿಂದಿನ ಸಂಜೆಯಿಂದ ನೀರು ಕೊಡಲಿಲ್ಲ. ಸ್ಕೂಲಿನ ದಿನವೂ ಹಾಗೇ, ಮದುವೆಮನೆಗೆ ಹೋದರೂ ಹಾಗೇ. ಗಟ್ಟಿ ಮುದ್ದೆ ತಿನ್ನಿಸಿ, ಹಳೆ ಸೀರೆ ಹರಿದು ಮೂರು ಸುತ್ತು ಕಟ್ಟಿಬಿಡುತ್ತಿದ್ದೆ. ಹೀಗೆ ಸಾಕಿದ್ದಕ್ಕೆ ಊರಲ್ಲಿ ನನ್ನನ್ನು ಜಾಣೆ ಎನ್ನುತ್ತಿದ್ದರು.

ಮದ್ದೂರಿನ ಬಸ್ಸು ಕಿಕ್ಕಿರಿದಿತ್ತು. ಪಕ್ಕದಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದವಳು ಮೂಗು ಮುಚ್ಚಿಕೊಂಡಳು.

"ಏನ್ ಕಣಕ್ಕ ಈ ಗಬ್ಬು? ಇಷ್ಟ್ ದೊಡ್ಡೋಳಾದ್ರೂ ಉಯ್ಕತಾಳಾ?"

"ನಿನ್ ಕೋಳಿ ಏನ್ ಮಲ್ಲಿಗೆ ಊವ ಉದುರುಸ್ತಾ ಕುಂತವಾ? ಮುಚ್ಕೊಂಡು ಕುತ್ಕೊಮ್ಮಿ."

ಜಯ ನಕ್ಕಳು. ತುಟಿ ಒಣಗಿತ್ತು, ನಕ್ಕದ್ದಕ್ಕೇ ಬಿರಿದು ರಕ್ತ ಬಂತು.

ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಬಿಸಿಲು ಏರಿತ್ತು.

"ಅವ್ವ, ಒಂದೇ ಗುಟುಕು ಕೊಡವ್ವ."

"ಆಮ್ಯಾಕೆ ಕೊಡ್ತೀನಿ ಬುಡು. ಡಾಕ್ಟ್ರ ಮುಂದೆ ಒದ್ದೆ ಮಾಡ್ಕಂಡ್ರೆ ಮಾನ ಓಯ್ತದೆ."

ಮಂಡ್ಯಕ್ಕೆ ಹನ್ನೆರಡು ಮೈಲಿ. ಇಳಿದಾಗ ಊರೆಲ್ಲ ಸಕ್ಕರೆ ಕಾರ್ಖಾನೆಯ ವಾಸನೆ. ನಮ್ಮದು ಅದರಲ್ಲಿ ಅಡಗಿಹೋಯಿತು, ಒಳ್ಳೆಯದೇ ಆಯಿತು ಅಂದುಕೊಂಡೆ.

ಆಸ್ಪತ್ರೆಯಲ್ಲಿ ಇದ್ದದ್ದು ಲೇಡಿ ಡಾಕ್ಟರು. ಜಯಳ ಹೊಟ್ಟೆ ಮುಟ್ಟಿದವರೇ ತೆಳ್ಳನೆಯ ರಬ್ಬರ್ ಕೊಳವೆ ತರಿಸಿ ಉಚ್ಚೆದಾರಿಗೆ ಹಾಕಿದರು. ಬೇಸಿನ್ ಅರ್ಧ ತುಂಬಿತು, ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ.

"ಇಷ್ಟೂ ಒಳಗೇ ನಿಂತಿತ್ತು. ನೀನು ನೋಡ್ತಿದ್ದದ್ದು ತುಂಬಿ ಚೆಲ್ಲಿದ್ದು ಮಾತ್ರ. ನೀರು ಎಷ್ಟು ಕುಡಿಸ್ತೀಯ?"

"ಕೊಡಕಿಲ್ಲ ಕಣವ್ವ. ಕೊಟ್ರೆ ಸೋರ್ತದೆ."

"ಕೊಡಬೇಡ ಅಂತ ಯಾರು ಹೇಳಿದ್ದು?"

"ಯಾರೂ ಏಳ್ಲಿಲ್ಲ. ನಾನೇ ಮಾಡ್ದೆ."

ಆರು ದಿನ ಅಲ್ಲೇ ಇಟ್ಟುಕೊಂಡರು. ಜ್ವರ ಇಳಿಯಿತು. ಎಕ್ಸ್‌ರೇ ನೋಡಿ ಡಾಕ್ಟರು ನನ್ನೊಬ್ಬಳನ್ನೇ ಕರೆದರು. ನಿಂತ ಉಚ್ಚೆ ಮೇಲಕ್ಕೆ ಒತ್ತಿ, ಕೊಳೆತು, ಒಂದು ಮೂತ್ರಪಿಂಡ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ. ನೀರು ಕೊಡದೆ ಇದ್ದದ್ದು ಅದನ್ನು ಇನ್ನಷ್ಟು ಕೆಡಿಸಿದೆ ಅಂದರು.

"ಉಳೀತಾಳಾ?" ಅಂದೆ.

"ಹೋದದ್ದು ಬರಲ್ಲಮ್ಮ. ಇರೋದನ್ನ ಇನ್ನಷ್ಟು ದಿನ ಕಾಯಬಹುದು."

ದಿನಕ್ಕೆ ನಾಲ್ಕು ಸಲ ಕೊಳವೆ ಹಾಕಿ ಖಾಲಿ ಮಾಡಬೇಕಂತೆ. ಮನೆಯಲ್ಲಿ ಹೀಗೆ ಮಾಡುವುದು ಹೊಸದು, ತಾನೂ ಓದಿದ್ದಷ್ಟೇ ಅಂದರು. ನರ್ಸು ನನ್ನ ಉಗುರು ಕತ್ತರಿಸಿ, ಸೋಪು ಹಾಕಿಸಿ, ನನ್ನ ಕೈಯಿಂದಲೇ ಮಾಡಿಸಿ ಕಲಿಸಿದಳು.

ವಾಪಸು ಬರುವಾಗ ಮದ್ದೂರು ಸ್ಟ್ಯಾಂಡಿನಲ್ಲಿ ಜಯ ಒಂದು ಚೊಂಬು ನೀರನ್ನು ನಿಲ್ಲಿಸದೆ ಕುಡಿದಳು.

"ಇಸ್ಕೂಲ್ ದಿನಾನೂ ಕುಡೀಬೌದಾ ಅವ್ವ?"

"ಊಂ, ಕುಡಿ."

ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವಳು ಇದ್ದದ್ದು ಮೂರು ವರ್ಷ.

ಮಂಡ್ಯದಿಂದ ಬಂದ ಮಾರನೆಯ ಬೆಳಿಗ್ಗೆ ಕೊಳವೆ ಕುದಿಸಿದೆ. ಹಿತ್ತಿಲ ಕೋಣೆಯಲ್ಲಿ ಅವಳನ್ನು ಮಲಗಿಸಿಕೊಂಡೆ. ಎರಡು ಸಲ ತಪ್ಪಿತು, ಮೂರನೆಯದಕ್ಕೆ ಒಳಗೆ ಹೋಯಿತು. "ನೋಯ್ತದಾ?" ಅಂದೆ. "ಅಲ್ಲಿ ನಂಗೇನೂ ತಿಳಿಯಾಕಿಲ್ಲ ಕಣವ್ವ" ಅಂದಳು. ಕೊನೆಯ ಹನಿ ಬೀಳುವ ತನಕ ಹಿಡಿದುಕೊಂಡು ಕೂತಿದ್ದೆ.