ಬಿಚ್ಚಿದ ಹನ್ನೊಂದು ಚೌಕ

ಕಳೆದ ಭಾನುವಾರ ಮೇಜಿನ ಖಾನೆ ಒರೆಸುವಾಗ ಹನ್ನೊಂದು ಬಟ್ಟೆಚೂರುಗಳು ಕೈಗೆ ಬಂದವು. ಹಳೆಯ ಇಳಕಲ್ ಸೀರೆಯಿಂದ ಕತ್ತರಿಸಿದ, ಅಂಗೈಗಿಂತ ತುಸು ದೊಡ್ಡ ಚೌಕಗಳು. ಅಂಚಿನುದ್ದಕ್ಕೂ ಸೂಜಿ ಹೋಗಿಬಂದ ತೂತುಗಳಿವೆ, ದಾರವಿಲ್ಲ. ಮೂಸಿದೆ. ನುಸಿಗುಳಿಗೆಯ ವಾಸನೆ ಇನ್ನೂ ಹೋಗಿರಲಿಲ್ಲ...

ಅವನ್ನು ಕೊಟ್ಟವರನ್ನು ನಾನು ಮರಾಠಿಯವರಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಗದಗ ಕಡೆಯವರು, ತುರ್ಭೆಯ ಒಂದು ಗೋದಾಮಿನ ಕಚೇರಿಯಲ್ಲಿ ಗುಮಾಸ್ತೆ. ನನ್ನ ಆಫೀಸೂ ಅಲ್ಲೇ, ಮನೆ ಇಬ್ಬರದೂ ಡೊಂಬಿವಲಿ. ಸಂಜೆ ಠಾಣೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಉಳಿದವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರೆ, ಅವರು ಹಳೆಬಟ್ಟೆಯ ಹೊದಿಕೆಯಾದ ಕೌದಿಯ ಚೌಕಗಳನ್ನು ಒಂದಕ್ಕೊಂದು ಹೊಲಿಯುತ್ತಿದ್ದರು. ಮಗಳಿಗೆ ಚೊಚ್ಚಲ ಹೆರಿಗೆ, ದೀಪಾವಳಿಯ ಆಚೆ. ಹೆಸರಿಡುವ ದಿನ ತಾಯಿಯ ತಾಯಿ ಹೊಲಿದ ಕೌದಿ ತೊಟ್ಟಿಲಲ್ಲಿ ಇರಲೇಬೇಕು, ಅದು ಅವರ ಮನೆಯ ಪದ್ಧತಿ. ಒಟ್ಟು ನಲವತ್ತೆಂಟು ಚೌಕ.

ನಾನು ಕತೆ ಬರೆಯುತ್ತೇನೆಂದು ಯಾರಿಗೂ ಹೇಳುವವಳಲ್ಲ. ಅವರೇ ನನ್ನ ಫೋನಿನಲ್ಲಿ ಇಣುಕಿ ಕಂಡುಹಿಡಿದರು. ಪ್ರತಿ ಭಾನುವಾರ ಆ ವಾರ ಬರೆಯಬೇಕಾದುದರ ಪಟ್ಟಿಯನ್ನು ಅದರಲ್ಲಿ ಮಾಡಿ, ಹಸಿರು ಬಣ್ಣ ಹಚ್ಚಿ ಇಡುತ್ತಿದ್ದೆ. ಪಟ್ಟಿ ಮಾಡುವುದೇ ಬರವಣಿಗೆಯಾಗಿತ್ತು.

“ಫೋನಿನ್ಯಾಗ ಎಲ್ಲಾ ಹಸರ ಐತಿ. ಹಾಳಿ ಮಾತ್ರ ಬೆಳ್ಳಗ ಐತಿ, ಹೌದಿಲ್ಲೋ?” ಎಂದರು.

ಅಂದೇ ಕರಾರು ಹಾಕಿದರು. ವಾರಕ್ಕೆ ಐದು ಪುಟ. ನಾನು ಬರೆದೆನೆಂದ ಪ್ರತಿ ಪುಟಕ್ಕೆ ಅವರು ಒಂದು ಚೌಕ ಹೊಲಿಯುವುದು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ನಗುತ್ತಾ ಒಪ್ಪಿದೆ. ಆರು ವಾರ ಸರಿಯಾಗಿಯೇ ನಡೆಯಿತು, ಮೂವತ್ತು ಪುಟ, ಮೂವತ್ತು ಚೌಕ.

ಏಳನೆಯ ವಾರ ಆಫೀಸಿನಲ್ಲಿ ಆಡಿಟ್. ಎರಡೇ ಪುಟ ಬರೆದಿದ್ದೆ. ಶುಕ್ರವಾರ ಅವರು ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿದ್ದರು. ನಾನು ಎರಡು ಎಂದರೆ ಎರಡೇ ಹೊಲಿಯುತ್ತಾರೆ. ದಿನ ಹತ್ತಿರ ಬರುತ್ತಿದೆ. ಐದು ಎಂದೆ. ಕೌದಿಗಾಗಿ ಹೇಳಿದೆನೋ, ನಾಚಿಕೆಗೋ... ಈಗಲೂ ಗೊತ್ತಿಲ್ಲ. ಮುಂದಿನ ಎರಡು ವಾರ ಒಂದೊಂದೇ ಪುಟ ಬರೆದು ಐದೈದು ಎಂದೆ. ನಲವತ್ತೈದು ಚೌಕಗಳಾದವು.

ಒಂಬತ್ತನೆಯ ಶುಕ್ರವಾರ ಆ ವಾರದ ಕೊನೆಯ ಚೌಕದ ದಾರ ಹಲ್ಲಿನಲ್ಲಿ ಕಡಿದು, ಅವರು ಮೊದಲ ಬಾರಿಗೆ ಓದಲು ಹೇಳಿದರು. ಈ ವಾರದ ಐದೇ ಪುಟ ಸಾಕಂತೆ. ಕೋಪರಖೈರಣೆ ಬಂತು, ಹೋಯಿತು. ನಾನು ಚೀಲದಲ್ಲಿ ಕೈ ಆಡಿಸುತ್ತಲೇ ಇದ್ದೆ.

“ಮಾವಶಿ, ಬರ್ದಿಲ್ಲ.”

“ಎಷ್ಟು?”

“ಮೂರು ವಾರದ್ದು ಸೇರಿ ಹನ್ನೊಂದು.”

ಅವರು ಬೈಯಲಿಲ್ಲ. ಪರ್ಸಿನಿಂದ ಪುಟ್ಟ ಕತ್ತರಿ ತೆಗೆದು, ಕೊನೆಯ ಚೌಕದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸತೊಡಗಿದರು. ಎದುರಿನ ಮರಾಠಿ ಹೆಂಗಸು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, “ಅಗಂ, ಕಶಾಲಾ ಉಸವತೇಸ್?” ಎಂದು ಕೇಳಿದಳು, ಯಾಕೆ ಬಿಚ್ಚುತ್ತೀ ಎಂದು. ಮಾವಶಿಯ ಕತ್ತರಿ ನಿಲ್ಲಲಿಲ್ಲ. ಐರೋಳಿ ದಾಟುವಾಗ ಏಳು ಚೌಕ ಕಳಚಿದ್ದವು. ಉಳಿದ ನಾಲ್ಕನ್ನು ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಬಿಚ್ಚಿದರು. ಎರಡು ಡೊಂಬಿವಲಿ ಗಾಡಿಗಳು ನಮ್ಮೆದುರೇ ಹೋದವು.

“ನಿನ್ನ ಮ್ಯಾಲೆ ಸಿಟ್ಟಿಲ್ಲ ತಂಗಿ. ಸುಳ್ಳಿನ ಮ್ಯಾಲೆ ಕೂಸಿನ್ನ ಹ್ಯಾಂಗ ಮಲಗಸ್ಲಿ?” ಎಂದರು. ಹನ್ನೊಂದನ್ನೂ ನನ್ನ ಕೈಗಿಟ್ಟರು. “ಎಷ್ಟು ಪುಟ ಬರಿತೀ ಅಷ್ಟು ಚೌಕ ತಂದು ಕೊಡು. ಹೊಲೀತೀನಿ.”

ಶನಿವಾರ, ಭಾನುವಾರ ಕೋಣೆಯಿಂದ ಹೊರಬರಲಿಲ್ಲ. ಅಮ್ಮ ತುಳುವಿನಲ್ಲಿ ಗೊಣಗುತ್ತಾ ತಟ್ಟೆಯನ್ನು ಮೇಜಿಗೇ ತಂದಿಟ್ಟರು. ಸೋಮವಾರ ಆರು ಪುಟ, ಆರು ಚೌಕ ಹಿಡಿದು ಗಾಡಿ ಹತ್ತಿದೆ. ಅವರ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಹೆರಿಗೆ ಮುಂಚೆಯೇ ಆಯಿತಂತೆ. ಅವರು ಶನಿವಾರವೇ ಹುಬ್ಬಳ್ಳಿಯ ಮಗಳ ಮನೆಗೆ ಹೋದರೆಂದು ಆ ಮರಾಠಿ ಹೆಂಗಸು ಹೇಳಿದಳು.

ಉಳಿದ ಐದನ್ನೂ ಆ ವಾರವೇ ಬರೆದು, ಹನ್ನೊಂದೂ ಆಯಿತೆಂದು ಮೆಸೇಜು ಹಾಕಿದೆ. ಹೆಸರಿಟ್ಟ ದಿನ ಅವರ ದನಿಯಲ್ಲೇ ಉತ್ತರ ಬಂತು: “ಮೂವತ್ನಾಲ್ಕರ ಮ್ಯಾಲೇ ಮಲಗೇತಿ ನಮ್ಮ ಕೂಸು. ಕಾಲು ಅಷ್ಟ ಹೊರಗ ಬರ್ತಾವ. ಇರಲಿ, ಬಂದು ಹೊಲೀತೀನಿ.” ಹಿಂದೆ ಯಾರೋ ನಕ್ಕದ್ದು ಕೇಳಿಸಿತು.

ಅವರು ಬರಲಿಲ್ಲ. ಮಗಳ ಮನೆಯಲ್ಲೇ ಕಾಯಿಲೆ ಬಿದ್ದರು. ಮಳೆಗಾಲಕ್ಕೆ ಮೊದಲು ತೀರಿಕೊಂಡ ಸುದ್ದಿ ಅದೇ ಡಬ್ಬಿಯಲ್ಲಿ, ಘಣಸೋಲಿಯ ಹತ್ತಿರ, ನನಗೆ ತಿಳಿಯಿತು...

ಈಗ ಬಣ್ಣದ ಪಟ್ಟಿ ಮಾಡುವುದಿಲ್ಲ. ಪ್ರತಿ ಶುಕ್ರವಾರ ತುರ್ಭೆಯಲ್ಲಿ ಗಾಡಿ ಹತ್ತಿ ಕೂತ ಮೇಲೆ ಆ ವಾರದ ಪುಟಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಮೊನ್ನೆ, ಮೂರು. ಎಷ್ಟಾತು ಎಂದು ಯಾರೂ ಕೇಳಲಿಲ್ಲ.

ಚೌಕಗಳನ್ನು ಒರೆಸಿದ ಖಾನೆಯಲ್ಲೇ ಇಟ್ಟೆ. ನನಗೆ ಹೊಲಿಗೆ ಬರುವುದಿಲ್ಲ. ಆ ಮಗುವಿಗೆ ಈಗ ನಾಲ್ಕು ತುಂಬಿರಬೇಕು. ಹನ್ನೊಂದನ್ನೂ ಸೇರಿಸಿದರೂ ಇನ್ನು ಕಾಲು ಮುಚ್ಚುವುದಿಲ್ಲ.