ಮೂರನೆಯ ವಾರ್ನಿಂಗ್

ಮೊನ್ನೆ ಪರೀಕ್ಷೆಗೆಂದು ಕಾಲೇಜಿನ ಗೇಟಿನಲ್ಲಿ ಸಾಲಾಗಿ ನಿಂತಿದ್ದಾಗ, ನನ್ನ ಮುಂದಿನ ಹುಡುಗಿಯ ಅಂಗೈಯಿಂದ ಮೊಸರಿನ ವಾಸನೆ ಬಂತು. ಹುಳಿಗೆ ತುಸು ಹತ್ತಿರವಾದ, ಸಕ್ಕರೆ ಬಿದ್ದು ಅಂಟಂಟಾದ ಮೊಸರು. ಮನೆಯವರು ತಿನ್ನಿಸಿ ಕಳಿಸಿದ್ದಾರೆ, ಕೈ ಒರೆಸಿಕೊಳ್ಳಬೇಡ ಅಂತಲೂ ಹೇಳಿರಬೇಕು. ಹುಡುಗಿ ಬಲಗೈಯನ್ನು ಪ್ಲಾಸ್ಟರ್ ಹಾಕಿಸಿಕೊಂಡವರ ಹಾಗೆ ಎತ್ತಿ ಹಿಡಿದು, ಎಡಗೈಯಿಂದ ಹಾಲ್‌ಟಿಕೆಟ್ ತೋರಿಸುತ್ತಿದ್ದಳು. ನನಗೆ ನಗು ಬರಬೇಕಿತ್ತು. ನಗಿಸುವುದು, ನಗುವುದು ಎರಡೂ ನನ್ನ ಹುಟ್ಟುಗುಣ. ಆದರೆ ಬರಲಿಲ್ಲ... ಮೇಲಿನ ಮನೆ ಅಜ್ಜಿ ನೆನಪಾದರು.

ಪುಣೆ ಪಕ್ಕದ ನಿಗಡಿಯ ನಮ್ಮ ಬಿಲ್ಡಿಂಗಿಗೆ ಮೂರು ಮಹಡಿ. ಎರಡನೆಯದರಲ್ಲಿ ನಾವು, ಮೂರನೆಯದರಲ್ಲಿ ಅಜ್ಜಿಯ ಮನೆ. ಧಾರವಾಡದ ಕಡೆಯವರು. ಅಜ್ಜಿಯ ಎತ್ತರ ನಾಲ್ಕಡಿ, ಧ್ವನಿಯ ಎತ್ತರ ಏಳಡಿ. ಅವರು ಮೇಲಿನಿಂದ "ಕೊತ್ತಂಬರಿ ಹೆಂಗ?" ಅಂದರೆ ಆಕುರ್ಡಿ ಸ್ಟೇಷನ್ನಿನಲ್ಲಿ ಲೋಕಲ್ ನಿಂತುಬಿಡುತ್ತಿತ್ತು. ಆಯ್ತು, ನಿಲ್ಲುತ್ತಿರಲಿಲ್ಲ, ಸ್ವಲ್ಪ ನಿಧಾನ ಆಗುತ್ತಿತ್ತು ಅಂತಿಟ್ಟುಕೊಳ್ಳಿ.

ಅವರ ಸಾಮ್ರಾಜ್ಯ ಒಂದೇ ಒಂದು ಚಮಚದ ಮೇಲೆ ನಿಂತಿತ್ತು. ಕುತ್ತಿಗೆ ಬಾಗಿದ ಹಳೆಯ ಬೆಳ್ಳಿ ಚಮಚ. ಬಿಲ್ಡಿಂಗಿನ ಯಾವ ಮಗು ಪರೀಕ್ಷೆಗೆ ಹೊರಟರೂ ಮೂರನೆಯ ಮಹಡಿಗೆ ಹತ್ತಿ, ಹೊಸ್ತಿಲಲ್ಲಿ ನಿಂತು ಬಲಗೈ ಚಾಚಬೇಕು. ಅಜ್ಜಿ ಮೊಸರು ಸಕ್ಕರೆ ಹಾಕುತ್ತಿದ್ದರು. ಒಂದೇ ಗುಟುಕಿಗೆ ನೆಕ್ಕಬೇಕು, ಕೈ ಒರೆಸಬಾರದು, ಹಿಂದೆ ತಿರುಗಿ ನೋಡಬಾರದು. ಅವರು "ಹೋಗಿ ಬಾ" ಅನ್ನುತ್ತಿದ್ದರು. ಮರಾಠಿ ಮನೆಗಳಲ್ಲೂ ಈ ಪದ್ಧತಿ ಇದೆಯಾದರೂ ಆ ಮನೆಗಳ ಮಕ್ಕಳೂ ಬರುತ್ತಿದ್ದುದು ಅಜ್ಜಿಯ ಹತ್ತಿರವೇ. ಕೆಳಗಿನ ಮನೆಯ ಕಾಕೂ ಹೇಳುತ್ತಿದ್ದರು, "ಆಜೀಂಚಾ ಹಾತ್ ಲಯ್ ಚಾಂಗಲಾ." ಅಜ್ಜಿಯ ಕೈಗುಣ ಭಾಳ ಒಳ್ಳೆಯದಂತೆ. ಗಣಿತದಲ್ಲಿ ನಾನು ಪಾಸಾದದ್ದನ್ನು ನೋಡಿದರೆ ಒಪ್ಪಲೇಬೇಕು, ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ಆಮೇಲೆ ಕೊರೊನಾ ಬಂತು. ಪರೀಕ್ಷೆ ಮನೆಯೊಳಕ್ಕೆ ಬಂತು. ಹೊಸ್ತಿಲು ದಾಟುವವರೇ ಇಲ್ಲದೆ ಅಜ್ಜಿಯ ಚಮಚ ನಿರುದ್ಯೋಗಿಯಾಯಿತು.

ಅಜ್ಜಿಯ ಮೊಮ್ಮಗಳು, ನನ್ನ ಪಾಲಿಗೆ ಅಕ್ಕ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಸ್ಟ್ಯಾಟಿಸ್ಟಿಕ್ಸ್ ಅವಳ ಪ್ರಾಣ. ವರ್ಷವೊಂದು ದಾಟಿದರೂ ಕಾಲೇಜಿನ ಮುಖ ಕಂಡಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಂಬತ್ತು ಕಪ್ಪು ಚೌಕ, ನಡುವೆ ಒಬ್ಬ ಸರ್. ಅವರು ಅರ್ಧ ತಾಸು "ಆವಾಜ್ ಯೇತೋಯ್ ಕಾ?", ದನಿ ಕೇಳಿಸ್ತಿದೆಯಾ, ಎಂದು ಕೇಳುತ್ತಿದ್ದರು, ಉಳಿದರ್ಧ ತಾಸು ಅವರ ಮನೆಯ ಕುಕ್ಕರು ಪಾಠ ಹೇಳುತ್ತಿತ್ತು. ಅಕ್ಕ ಮಾತ್ರ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಆ ಕುಕ್ಕರಿನ ಸದ್ದನ್ನೂ ನೋಟ್ಸ್ ಮಾಡಿಕೊಳ್ಳುವವಳು. ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಒಂದೇ ಷರತ್ತು, ಕೊನೆಯ ಸೆಮಿಸ್ಟರಿನ ಎಲ್ಲಾ ಪೇಪರ್ ಪಾಸಾಗಿ ಮಾರ್ಕ್ಸ್‌ಕಾರ್ಡ್ ಒಪ್ಪಿಸಬೇಕು. ಒಂದು ಪೇಪರ್ ತಪ್ಪಿದರೂ ಸೀಟು ಪಟ್ಟಿಯಲ್ಲಿ ಹಿಂದಿನವರಿಗೆ.

ಪರೀಕ್ಷೆಗೆ ಒಂದು ಆ್ಯಪ್ ಕೊಟ್ಟಿದ್ದರು. ಅದು ಕ್ಯಾಮೆರಾದಿಂದ ನೋಡುತ್ತಲೇ ಇರುತ್ತದೆ. ಮುಖ ಪಕ್ಕಕ್ಕೆ ತಿರುಗಿದರೆ, ಮಾತಾಡಿದರೆ, ಇನ್ನೊಂದು ಮುಖ ಕಂಡರೆ ಒಂದು ವಾರ್ನಿಂಗ್. ಮೂರಾದರೆ ಪೇಪರ್ ತಾನೇ ಮುಚ್ಚಿಕೊಳ್ಳುತ್ತದೆ. ಶಾಲೆಯಲ್ಲಿ ನಾವು ಸೂಪರ್‌ವೈಸರ್ ಆಕಳಿಸುವುದನ್ನು ಕಾದು ಕುಳಿತವರು. ಇದು ಆಕಳಿಸುತ್ತಲೇ ಇರಲಿಲ್ಲ.

ಕೊನೆಯ ಪೇಪರಿನ ದಿನ ಅಕ್ಕನ ಅಪ್ಪ ಅಮ್ಮ ಇಬ್ಬರೂ ಬ್ಯಾಂಕಿನ ಡ್ಯೂಟಿಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಅರ್ಧ ತಾಸು ಮೊದಲೇ ಲಾಗಿನ್ ಆಗಬೇಕೆಂದು ಅಕ್ಕ ಕೋಣೆ ಸೇರಿಬಿಟ್ಟಳು. ಅಜ್ಜಿ ಪೂಜೆ ಮುಗಿಸಿ ನೋಡುತ್ತಾರೆ, ಮೊಮ್ಮಗಳು ಮೊಸರು ಸಕ್ಕರೆ ಇಲ್ಲದೆ ಪರೀಕ್ಷೆಗೆ ಕೂತಿದ್ದಾಳೆ! ಹೆಪ್ಪು ಹಾಕಿದ್ದೇ ಈ ದಿನಕ್ಕಾಗಿ. ಮನೆಯ ಹೊಸ್ತಿಲು ದಾಟುವುದಿಲ್ಲವಾದರೇನು, ಕೋಣೆಗೂ ಒಂದು ಹೊಸ್ತಿಲಿದೆಯಲ್ಲ ಅಂತ ಅವರ ಲೆಕ್ಕ. ಬಾಗಿಲು ತಳ್ಳಿ, ಸದ್ದಾಗದಂತೆ ತುದಿಗಾಲಿನಲ್ಲಿ ಹೋಗಿ, ಚಮಚವನ್ನು ಅಕ್ಕನ ಬಾಯಿಯ ಹತ್ತಿರ ಒಯ್ದರು.

ಆ್ಯಪ್ ಟಣ್ ಅಂತು. ಒಂದು.

"ಅಜ್ಜೀ, ಹೊರಗ ನಡಿ!" ಅಂತ ಅಕ್ಕ ತಿರುಗಿ ಚೀರಿದಳು. ಟಣ್. ಎರಡು.

ಇದೆಲ್ಲ ನನಗೆ ಗೊತ್ತಾದದ್ದು ಅಜ್ಜಿಯಿಂದಲೇ. ಚೀರಿದ್ದು ಕೇಳಿ ನಾನು ಮೇಲೆ ಓಡಿದೆ. ಅವರು ಚಮಚ ಹಿಡಿದುಕೊಂಡೇ ಬಾಗಿಲ ಹೊರಗೆ ನಿಂತಿದ್ದರು. ಮೊಸರು ಬೆರಳ ಸಂದಿನಿಂದ ಇಳಿಯುತ್ತಿತ್ತು.

"ಎರಡು ಆದ್ವಂತ ತಂಗಿ. ಇನ್ನೊಂದಾದ್ರ ಪೇಪರ್ ಬಂದ್ ಅಂತ. ನೀ ಇಲ್ಲಿ ಗದ್ದಲಾ ಮಾಡಬ್ಯಾಡ."

"ನಾ ಯಾಕ ಮಾಡ್ಲಿರಿ ಅಜ್ಜಿ," ಅಂದೆ ನಾನು.

ಅಜ್ಜಿ ಒಳಗೆ ಹೋಗಿ ದೇವರ ಮುಂದೆ ಕೂತರು. ನಾನು ಕೆಳಗಿಳಿಯಬೇಕಿತ್ತು... ಇಳಿಯಲಿಲ್ಲ.

ನನಗಾಗ ಹದಿಮೂರು. ಎಂಟನೇ ಕ್ಲಾಸು. ಶಾಲೆ ಇಲ್ಲ, ಆಟ ಇಲ್ಲ, ಇದ್ದದ್ದೊಂದೇ ಕ್ಲಾಸಿನ ವಾಟ್ಸಾಪ್ ಗ್ರೂಪು. ಅಲ್ಲಿ ನಾನು ರಾಣಿ. ದಿನಾ ಏನಾದರೊಂದು ಹಾಕದಿದ್ದರೆ ಸಿಂಹಾಸನ ಅಲುಗಾಡುವಂಥ ರಾಣಿ. ಅಕ್ಕನ ಕೋಣೆಯ ಕಿಟಕಿ ನಮ್ಮ ಮೆಟ್ಟಿಲ ಪಕ್ಕಕ್ಕೇ ತೆರೆದುಕೊಳ್ಳುತ್ತಿತ್ತು. ಅಕ್ಕನ ಬೆನ್ನು ಕಿಟಕಿಯ ಕಡೆ. ಕಾಲೇಜಿನ ಪರೀಕ್ಷೆ, ಅಲುಗಾಡದೆ ಕೂತ ಅಕ್ಕ, ಅವಳ ತಲೆಯ ಹಿಂದೆ ಕೊಂಬಿನ ಹಾಗೆ ನನ್ನ ಎರಡು ಬೆರಳು. ಇಂಥ ಫೋಟೋ ಇಡೀ ಪಿಂಪ್ರಿ ಚಿಂಚ್ವಡದಲ್ಲಿ ಯಾರ ಹತ್ತಿರವೂ ಇರಲಾರದು ಅನ್ನಿಸಿತು. ನಾನು ಸದ್ದು ಮಾಡಲಿಲ್ಲ. ಅಜ್ಜಿಗೆ ಕೊಟ್ಟ ಮಾತು ಉಳಿಸಿಕೊಂಡೆ, ನೋಡಿ. ಮೊಬೈಲ್ ಎತ್ತಿ, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ಬೆರಳು ಚಾಚಿ, ಹಲ್ಲು ಕಿಸಿದೆ. ಅಕ್ಕನ ಕ್ಯಾಮೆರಾ ನನಗೆ ಸರಿಯಾಗಿಯೇ ಕಾಣುತ್ತಿತ್ತು. ನಾನೂ ಅದಕ್ಕೆ ಕಾಣುತ್ತೇನೆ ಅನ್ನುವುದು, ಇಷ್ಟೊಂದು ಬುದ್ಧಿಯಿದ್ದ ನನಗೆ ಹೊಳೆಯಲಿಲ್ಲ.

ಟಣ್.

ಪರದೆ ಬೆಳ್ಳಗಾಯಿತು. ಅಕ್ಕ ಸ್ವಲ್ಪ ಹೊತ್ತು ಆ ಬಿಳಿಯನ್ನೇ ನೋಡುತ್ತ ಕೂತಳು. ಆಮೇಲೆ ತಿರುಗಿದಳು. ನನ್ನ ಬೆರಳು ಇನ್ನೂ ಹಾಗೇ ಇದ್ದವು.

"ಹೋಗು," ಅಂದಳು. ಅಷ್ಟೇ.

ಸಂಜೆಯೊಳಗೆ ಬಿಲ್ಡಿಂಗಿಗೆಲ್ಲ ಸುದ್ದಿ ಹಬ್ಬಿತು. ಹಬ್ಬಿಸಿದವಳು ನಾನೇ. ಯಾರಾದರೂ ನನ್ನನ್ನು ಕೇಳುವ ಮೊದಲು ನಾನೇ ಹೇಳಿಬಿಡಬೇಕಿತ್ತು. ಎಲ್ಲರೂ ಟೆರೇಸಿನಲ್ಲಿ ಮಾಸ್ಕ್ ಹಾಕಿಕೊಂಡು ವಾಕಿಂಗ್ ಮಾಡುವ ಹೊತ್ತು. ಅಜ್ಜಿ ಚಮಚ ಹಿಡಿದು ತುದಿಗಾಲಿನಲ್ಲಿ ನಡೆದದ್ದನ್ನು ನಡೆದು ತೋರಿಸಿದೆ. ಮೊಸರು ಕೀಬೋರ್ಡಿಗೆ ಬಿದ್ದು ಲ್ಯಾಪ್‌ಟಾಪಿಗೆ ನೆಗಡಿಯಾಯಿತು ಅಂದೆ. ಆ್ಯಪ್ ಅಜ್ಜಿಯನ್ನು ಪ್ರಿನ್ಸಿಪಾಲರೆಂದು ತಿಳಿದು ಎದ್ದು ನಿಂತಿತು ಅಂದೆ. ಅಜ್ಜಿ ಮೂರು ಸಲ ಒಳಗೆ ಹೋದರು ಅಂದೆ. ಮೂರು ಸಲ! ಕಾಕೂ ಹೊಟ್ಟೆ ಹಿಡಿದುಕೊಂಡು ನಕ್ಕರು, "ಅಗಬಾಯಿ, ಪುರೇ ಗ!" ಸಾಕು ಮಾರಾಯ್ತಿ ಅಂತ. ಸಾಕು ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿರಲಿಲ್ಲ.

ಅಕ್ಕ ಮೇಲಿಂದ ಮೇಲೆ ಮೇಲ್ ಕಳಿಸಿದಳು. ಪ್ರತಿ ಸಲವೂ ಒಂದೇ ಉತ್ತರ, ನಿಮ್ಮ ದೂರು ತಲುಪಿದೆ. ಕಾಲೇಜಿನಲ್ಲಿ ಹೋಗಿ ನಿಂತು ಕೇಳೋಣವೆಂದರೆ ಗೇಟಿಗೆ ಬೀಗ. ಕೊನೆಗೊಂದು ದಿನ ವಿಡಿಯೋದಲ್ಲೇ ವಿಚಾರಣೆ ಮಾಡಿ ಪೇಪರ್ ರದ್ದು, ಮುಂದಿನ ಸಲ ಕೂಡಬಹುದು ಅಂದರು. ಮುಂದಿನ ಸಲ ಬರುವಷ್ಟರಲ್ಲಿ ಸೀಟು ಹೋಗಿತ್ತು. ಅಕ್ಕ ಪಾಸಾದಳು, ಆದರೆ ಎಂ.ಎಸ್ಸಿ. ಮಾತು ಮತ್ತೆ ಎತ್ತಲಿಲ್ಲ. ಹಿಂಜವಾಡಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು.

ಅಜ್ಜಿ ಚಮಚವನ್ನು ಎತ್ತಿಟ್ಟುಬಿಟ್ಟರು. ಶಾಲೆಗಳು ತೆರೆದವು, ಹುಡುಗರು ಮತ್ತೆ ಮೂರನೆಯ ಮಹಡಿ ಹತ್ತಿದರು. ಅಜ್ಜಿ ಬಾಗಿಲು ತೆಗೆಯುತ್ತಿರಲಿಲ್ಲ. ನನ್ನ ಹತ್ತನೆಯ ಕ್ಲಾಸಿನ ಬೋರ್ಡ್ ಪರೀಕ್ಷೆಯ ದಿನ ನಾನೂ ಹೋಗಿ ಬಾಗಿಲು ಬಡಿದೆ, ತೆಗೆಯುವವರೆಗೂ ಬಡಿದೆ.

"ಬ್ಯಾಡ ತಂಗಿ," ಅಂದರು. ಏಳಡಿಯ ಧ್ವನಿ ಎಲ್ಲೋ ಇಳಿದುಹೋಗಿತ್ತು. "ನಿಮ್ಮ ಅವ್ವನ ಕಡೆ ತಿನ್ನು. ನಂದು ಪೇಪರ್ ಬಂದ್ ಮಾಡೋ ಕೈ."

ಆಗ ಹೇಳಬೇಕಿತ್ತು. ಹೊಸ್ತಿಲಿತ್ತು, ಅಜ್ಜಿ ಇದ್ದರು, ಬೇರೆ ಯಾರೂ ಇರಲಿಲ್ಲ. ನಾನು ಅಂದದ್ದು ಇಷ್ಟು: "ಹಂಗಾದ್ರ ಗಣಿತದ ಪೇಪರ್ ಬಂದ್ ಮಾಡಿಬಿಡ್ರಿ ಅಜ್ಜಿ, ಪುಣ್ಯಾ ಬರ್ತದ!" ಅಜ್ಜಿ ನಕ್ಕರು. ನನಗಾಗಿ ನಕ್ಕರು. ಬಾಗಿಲು ಹಾಕಿಕೊಂಡರು.

ಹೋದ ವರ್ಷ ಒಂದು ಮುಂಜಾನೆ ಗೇಟಿನಲ್ಲಿ ಅಕ್ಕ ಕಂಪನಿಯ ಕ್ಯಾಬಿಗೆ ಕಾಯುತ್ತಿದ್ದಳು. ನಾನು ಹಲ್ಲು ಕಿಸಿದು ಪಕ್ಕದಲ್ಲಿ ನಿಂತೆ.

"ಅಕ್ಕಾ, ನೀ ಅಲ್ಲೆ ಮಾಡೋದರೆ ಏನು?"

"ಪರೀಕ್ಷಾದ ವಿಡಿಯೋ ನೋಡೋದು. ಆ್ಯಪ್ ಹಿಡದಿದ್ದು ಖರೇ ಕಾಪಿನೋ ಅಲ್ಲೋ ಅಂತ ನೋಡಿ ಗುಂಡಿ ಒತ್ತೋದು. ಈಗ ಮನುಷ್ಯಾರೂ ನೋಡಬೇಕಂತ ಕಾನೂನು ಮಾಡ್ಯಾರ ಕಂಪನ್ಯಾಗ."

ನಾನು ನಕ್ಕೆ. ಅವಳು ನಗಲಿಲ್ಲ.

"ವಿಡಿಯೋದಾಗ ನಾಕೈದು ಮಂದಿ ಮುದುಕೇರು ದಿನಾ ಬರ್ತಾರ. ಒಬ್ಬಾಕಿ ಚಹಾ ತರ್ತಾಳ, ಒಬ್ಬಾಕಿ ದೃಷ್ಟಿ ತಗೀತಾಳ. ಎಲ್ಲಾರ್ನೂ ಬಿಟ್ಟುಬಿಡ್ತೇನಿ."

"ಕಿಟಕ್ಯಾಗ ಯಾರರೆ ಕಂಡ್ರ?" ಅಂತ ಕೇಳಿದೆ. ಯಾಕೆ ಕೇಳಿದೆನೋ.

ಅಕ್ಕ ರಸ್ತೆಯ ಕಡೆಯೇ ನೋಡುತ್ತಿದ್ದಳು. "ವಿಚಾರಣಾದಾಗ ಆ್ಯಪ್ ಹಿಡದ ನಿನ್ನ ಫೋಟೋ ತೋರಿಸಿದ್ರು. ಒಬ್ಬ ಸರ್ ಮೈಕ್ ಬಂದ್ ಇಟ್ಟಿದ್ರು, ಒಬ್ಬರು ಕಾರಿನ್ಯಾಗ ಇದ್ರು. ಮೂರನೇದವರು ಕೇಳಿದ್ರು, ಈ ಹುಡುಗಿ ಎರಡು ಬೆರಳು ತೋರಸ್ಲಿಕ್ಕತ್ತಾಳ, ಎರಡನೇ ಆಪ್ಷನ್ ಅಂತ ಹೇಳ್ಲಿಕ್ಕತ್ತಾಳೇನು ಅಂತ. ನನ್ನ ಆ ಉತ್ತರಾನೂ ಎರಡನೇದಽ ಇತ್ತು."

ಎಂಟನೇ ಕ್ಲಾಸಿನ ನಾನು ಬಿ.ಎಸ್ಸಿ. ಸ್ಟ್ಯಾಟಿಸ್ಟಿಕ್ಸಿಗೆ ಉತ್ತರ ಹೇಳಿಕೊಟ್ಟವಳು! ಬೇರೆ ದಿನವಾಗಿದ್ದರೆ ಇದೊಂದರ ಮೇಲೆ ನಾನು ಒಂದು ವಾರ ಬದುಕುತ್ತಿದ್ದೆ.

"ಅಜ್ಜಿಗೆ..." ಅಂದೆ.

"ಹತ್ತು ಸಲ ಹೇಳೇನಿ, ನಿನ್ನಿಂದ ಅಲ್ಲ ಅಂತ. ನಾ ಬರೇ ಸಮಾಧಾನ ಮಾಡ್ಲಿಕ್ಕತ್ತೇನಿ ಅಂತ ತಿಳಕೊಂಡಾಳ. ತಾ ದೇವರ ಮುಂದ ಕೂತು ಅಂದ ಮಂತ್ರಾ ಕೇಳಿ ಮೂರನೇದಾತು ಅಂತ ಆಕಿ ಲೆಕ್ಕ. ಇಡೀ ಬಿಲ್ಡಿಂಗ್ ಒಂದು ಹೇಳತದ, ನಾ ಒಬ್ಬಾಕಿ ಒಂದು. ಕಥಿ ಕಟ್ಟಿದಾಕಿ ನೀ. ನೀ ಬಿಚ್ಚಿದ್ರ ನಂಬ್ತಾಳ."

"ನಾಳೆ ಹೇಳ್ತೇನಿ ಅಕ್ಕಾ. ಖರೇನ."

ಕ್ಯಾಬ್ ಬಂತು. ಹೋಯಿತು.

ಆ ನಾಳೆಗೆ ಹನ್ನೆರಡನೆಯ ಕ್ಲಾಸಿನ ಟ್ಯೂಷನ್ ಇತ್ತು, ನಾಡಿದ್ದಿಗೆ ಟೆಸ್ಟ್ ಇತ್ತು, ಅದರಾಚೆಗೆ ನನ್ನ ಹತ್ತಿರ ನೆಪಗಳ ಕಾರ್ಖಾನೆಯೇ ಇತ್ತು. ನಾಲ್ಕು ತಿಂಗಳು ನಾಳೆ ನಾಳೆ ಅಂದೆ. ಒಂದು ಮಧ್ಯಾಹ್ನ ಅಜ್ಜಿ ಊಟ ಮಾಡಿ ಮಲಗಿದವರು ಏಳಲಿಲ್ಲ.

ಹದಿಮೂರನೆಯ ದಿನ ಬಿಲ್ಡಿಂಗಿನವರೆಲ್ಲ ಮೇಲೆ ಊಟಕ್ಕೆ ಕೂತಿದ್ದೆವು. ಸತ್ತವರ ನೆನಪು ತೆಗೆಯುತ್ತಾರಲ್ಲ, ಹಾಗೆ ತೆಗೆದರು. ಸಂಜೆಯ ಕೊತ್ತಂಬರಿ ಚೌಕಾಸಿ, ಧ್ವನಿ, ಕೈಗುಣ. ಕೆಳಗಿನ ಕಾಕೂ ನನ್ನ ಕಡೆ ತಿರುಗಿ, ತಮ್ಮ ಮುರುಕು ಕನ್ನಡದಲ್ಲಿ, "ಏ ಪೋರಿ, ಅಜ್ಜಿ ಮೊಸರು ಕಥಿ ಹೇಳ," ಅಂದರು. ಎಲ್ಲರೂ ಆಗಲೇ ನಗುವುದಕ್ಕೆ ಬಾಯಿ ಸಿದ್ಧಮಾಡಿಕೊಂಡಿದ್ದರು.

ನಾನು ಹೇಳಿದೆ. ಒಂದೇ ಒಂದು ಕೂದಲೆಳೆಯಷ್ಟೂ ಎಳೆಯದೆ ಹೇಳಿದೆ. ಅಜ್ಜಿ ಹೋದದ್ದು ಒಂದೇ ಸಲ ಅಂದೆ. ಕಿಟಕಿ, ಮೊಬೈಲು, ನನ್ನ ಎರಡು ಬೆರಳು, ಮೂರನೆಯ ಟಣ್ ನನ್ನದು ಅಂದೆ. ಪೇಪರ್ ಮುಚ್ಚಿಸಿದವಳು ನಾನು, ಅಜ್ಜಿಯಲ್ಲ ಅಂದೆ.

ಅವರು ನಕ್ಕರು. ಹಿಂದೆಂದಿಗಿಂತ ಜೋರಾಗಿ ನಕ್ಕರು. ಕಾಕೂ ಕಣ್ಣೊರೆಸಿಕೊಳ್ಳುತ್ತ, "ಪ್ರತಿ ಸಲ ಒಂದು ಹೊಸಾದು ಸೇರಸ್ತಾಳ ಈಕಿ! ಈಗ ಬೆರಳು ಅಂತ," ಅಂದರು. ನಮ್ಮ ಅಪ್ಪನೂ ನಕ್ಕರು. "ಖರೇನ ಹೇಳ್ಲಿಕ್ಕತ್ತೇನ್ರಿ," ಅಂದೆ. ಅದಕ್ಕೆ ಇನ್ನೊಂದು ನಗೆ.

ಅಕ್ಕ ಕೊನೆಯ ಅನ್ನಕ್ಕೆ ಮೊಸರು ಬಡಿಸುತ್ತ ಬರುತ್ತಿದ್ದಳು. ನಗಲಿಲ್ಲ. ನನ್ನ ಎಲೆಯ ಮುಂದೆ ಒಂದು ಕ್ಷಣ ನಿಂತಳು. ಎಲ್ಲರಿಗೂ ಹಾಕಿದಷ್ಟೇ ಹಾಕಿದಳು, ಮುಂದೆ ಹೋದಳು.

ಮೊನ್ನೆ ಆ ಗೇಟಿನಲ್ಲಿ ನಾನೂ ಹಾಲ್‌ಟಿಕೆಟ್ ತೋರಿಸಿ ಒಳಗೆ ಹೋದೆ. ಅಕ್ಕನಿಗೆ ಸಿಗದೇ ಹೋದದ್ದು ಇದೇ: ಗೇಟು, ಬೆಂಚು, ಗಡಿಯಾರ, ಆಕಳಿಸುವ ಸೂಪರ್‌ವೈಸರ್. ಯಾವ ವಿಷಯ ತಗೊಂಡೆ ಅಂತ ನೀವು ಕೇಳಿದರೆ, ಸ್ಟ್ಯಾಟಿಸ್ಟಿಕ್ಸ್. ಮನೆಯಲ್ಲಿ ಇದನ್ನೂ ತಮಾಷೆ ಅಂದುಕೊಂಡಿದ್ದಾರೆ. ಮೊಸರಿನ ಕೈಯ ಹುಡುಗಿ ನನ್ನ ಮುಂದಿನ ಬೆಂಚಿನಲ್ಲೇ ಕೂತಳು. ಪೇಪರ್ ಕೊಡುವವರೆಗೂ ಆ ಅಂಗೈಯನ್ನು ಮೇಲೆತ್ತಿಯೇ ಇಟ್ಟುಕೊಂಡಿದ್ದಳು, ಮನೆಯಲ್ಲಿ ಯಾರೋ ಹೇಳಿದ್ದಾರೆಂದು. ನಾನು ನನ್ನ ಬಲಗೈಯನ್ನು ಬೆಂಚಿನ ಮೇಲೆ ಬಿಚ್ಚಿಟ್ಟು ನೋಡಿದೆ. ಒಣಗಿತ್ತು. ಪೆನ್ನು ಹಿಡಿಯಲು ಏನೂ ತೊಂದರೆಯಿರಲಿಲ್ಲ...